ಕಣ ಬಿಟ್ಟು ದಾರಿ ಕಾಯ್ದೆವು: ಕಾಫಿ ಕಳ್ಳತನಕ್ಕೆ ನಮ್ಮೂರ ಗಸ್ತು

2021ರ ಸುಮಾರಿಗೆ ರೋಬಸ್ಟಾ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ, 50 ಕೆಜಿ ಮೂಟೆಗೆ 4,000 ರೂಪಾಯಿ ಆಸುಪಾಸಿನಲ್ಲಿತ್ತು. ಆಗ ಕಾಫಿ ಒಣಗಿಸುವ ಕಣದಲ್ಲಿ ರಾಶಿ ಬಿಟ್ಟು ಮದುವೆ ಮನೆಗೆ ಹೋಗಿಬರುತ್ತಿದ್ದೆವು. 2024ರಲ್ಲಿ ಅದೇ ಮೂಟೆ 10,000 ದಾಟಿತು. ಕಳ್ಳರಿಗೂ ರೇಟು ಗೊತ್ತಿರುತ್ತೆ ಅಲ್ವಾ? ಮೂಡಿಗೆರೆ ಕಡೆಯ ನಮ್ಮೂರಲ್ಲಿ ಒಂದೇ ಕೊಯ್ಲಿನಲ್ಲಿ ನಾಲ್ಕೈದು ಕಣಗಳಿಂದ ಮಾಲು ಹೋಯಿತು.

ಮೊದಲು ಸಂಬಳಕ್ಕೆ ಇಬ್ಬರು ಕಾವಲುಗಾರರನ್ನು ಇಟ್ಟೆವು. ತಿಂಗಳಿಗೆ 30 ಸಾವಿರದ ಹತ್ತಿರ. ನಡುರಾತ್ರಿ ಚಳಿ ಏರಿದ ಮೇಲೆ ಕಣದಲ್ಲಿ ಯಾರೂ ಇರುತ್ತಿರಲಿಲ್ಲ. ಆಮೇಲೆ ಸಿಸಿ ಕ್ಯಾಮೆರಾ. ನನ್ನದೊಂದೇ 25 ಸಾವಿರ ಹೋಯಿತು. ಕರೆಂಟ್ ಇದ್ದ ದಿನ ಮಂಜು, ಮಂಜಿಲ್ಲದ ದಿನ ಕರೆಂಟಿಲ್ಲ. ಕೊನೆಗೆ ಹುಡುಗರೆಲ್ಲ ಸೇರಿ ರಾತ್ರಿಯಿಡೀ ತೋಟದೊಳಗೆ ಸುತ್ತಲು ಶುರು ಮಾಡಿದರು. ಅದು ಎರಡು ವಾರ ನಡೆದಿರಬೇಕು. ಪಕ್ಕದ ತೋಟದಲ್ಲಿ ಆನೆ ಇದೆ ಅಂತ ಅರಣ್ಯ ಇಲಾಖೆಯ ಮೆಸೇಜ್ ಬಂತು. ಮನೆಯವರು ಯಾರನ್ನೂ ಹೊರಗೆ ಬಿಡಲಿಲ್ಲ. ಬಿಡಲೂ ಬಾರದು.

ಆಗ ನಾನು ಹೇಳಿದೆ, ಕಣ ಕಾಯುವುದು ಬೇಡ, ದಾರಿ ಕಾಯೋಣ. ಮೂಟೆ ಹೊತ್ತು ಯಾರೂ ಮೈಲಿಗಟ್ಟಲೆ ನಡೆಯಲ್ಲ, ಪಿಕಪ್ ಬರಲೇಬೇಕು. "ಆಗೋ ಮಾತಲ್ಲ ಬಿಡಣ್ಣ" ಅಂದವರೇ ಜಾಸ್ತಿ.

ನಮ್ಮೂರಿಗೆ ಗಾಡಿ ಬರುವ ದಾರಿ ಮೂರೇ. ತೋಟದೊಳಗಿಂದ ಬರುವ ಒಂದಕ್ಕೆ ತೋಟದವರೇ ಗೇಟು ಹಾಕಿಸಿದರು. ಉಳಿದ ಎರಡರ ಬಾಯಲ್ಲಿ ಒಂದೊಂದು ಜೀಪು, ಇಬ್ಬಿಬ್ಬರು, ಮೂರು ಗಂಟೆ ಪಾಳಿ. ಮನೆಗೊಬ್ಬರಂತೆ ಮೂವತ್ತು ಚಿಲ್ಲರೆ ಜನ ಆದೆವು. ವಾರಕ್ಕೆ ಎರಡು ಸಲ ಬಂದರೆ ಸಾಕು. ಜೀಪಿನಿಂದ ಇಳಿದು ಕತ್ತಲೆಗೆ ಹೋಗುವ ಹಾಗಿಲ್ಲ. ಗಾಡಿ ಬಂದರೆ ಟಾರ್ಚ್ ಬಿಟ್ಟು ಮಾತಾಡಿಸುವುದು, ನಂಬರ್ ಬರೆದುಕೊಳ್ಳುವುದು, ಅನುಮಾನ ಬಂದರೆ 112ಕ್ಕೆ ಫೋನ್. ಯಾರ ಮೇಲೂ ಕೈ ಮಾಡುವಂತಿಲ್ಲ. ಕಣ್ಣೆದುರೇ ಕದ್ದವನನ್ನು ನಾವು ಹಿಡಿಯಬಹುದು, ಆದರೆ ತಡಮಾಡದೆ, 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. 2024ರ ಜುಲೈಯಲ್ಲಿ ಬಂದ ಹೊಸ ಕಾನೂನಿನಲ್ಲಿ ಹಾಗಿದೆ. ಪಾಳಿ ಯಾವ ಹೊತ್ತಿಗೆ ಬದಲಾಗುತ್ತೆ, ಚೀಲದ ಹೊಲಿಗೆಯಲ್ಲಿ ಏನು ಗುರುತು ಹಾಕುತ್ತೇವೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯಲ್ಲ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಸಂಜೆ ರಾಶಿ ಎಳೆದು ತಾಡಪಾಲು ಹೊದಿಸಿದ ಮೇಲೆ ಸುತ್ತ ಒಂದು ಮೊಳ ಅಗಲಕ್ಕೆ ಒಲೆ ಬೂದಿ ಜರಡಿ ಹಿಡಿದೆ, ಹೆಜ್ಜೆ ಬಿದ್ದರೆ ಕಾಣಲಿ ಅಂತ. ಬೆಳಿಗ್ಗೆ ಇಬ್ಬನಿಗೆ ಬೂದಿಯೆಲ್ಲ ಕೆಸರಾಗಿತ್ತು. ಅದರ ಮೇಲೆ ನಮ್ಮ ನಾಯಿಯ ಹೆಜ್ಜೆ ಮಾತ್ರ ಚೆನ್ನಾಗಿ ಮೂಡಿತ್ತು. ಒಣ ಹವೆಯ ಫೆಬ್ರವರಿಯಲ್ಲಿ ಇದು ಕೆಲಸ ಮಾಡುತ್ತೆ, ಡಿಸೆಂಬರಿಗೆ ಆಗಲ್ಲ.

ದಾರಿ ಕಾಯಲು ಶುರು ಮಾಡಿದ ತಿಂಗಳಲ್ಲೇ ಒಂದು ಪಿಕಪ್ ಲೈಟ್ ಆರಿಸಿಕೊಂಡು ಬಂತು. ಟಾರ್ಚ್ ಬೀಳುತ್ತಿದ್ದ ಹಾಗೆ ಹಿಂದಕ್ಕೆ ಹೊಡೆದುಕೊಂಡು ಹೋಯಿತು. ನಂಬರ್ ಠಾಣೆಗೆ ಕೊಟ್ಟೆವು. ಅಲ್ಲಿಂದ ಈಚೆಗೆ ನಮ್ಮ ಕಣಗಳಿಂದ ಒಂದು ಮೂಟೆಯೂ ಹೋಗಿಲ್ಲ. ಡೀಸೆಲ್, ಟೀ, ಟಾರ್ಚ್ ಎಲ್ಲ ಸೇರಿ ಇಡೀ ಕೊಯ್ಲಿಗೆ 35-40 ಸಾವಿರ, ಮನೆಗೆ 1,200ರ ಲೆಕ್ಕ. ಬೇಡ ಅಂದವರೇ ಈಗ ಪಾಳಿ ಪಟ್ಟಿ ಬರೆಯುತ್ತಾರೆ. ಪಕ್ಕದ ಎರಡು ಊರಿನವರು ಬಂದು ನೋಡಿಕೊಂಡು ಹೋದರು.

ಕಾಳುಮೆಣಸಿಗೆ ಇದು ಸಾಲದು. ಬಳ್ಳಿಯಿಂದ ಕಿತ್ತು ಬೆನ್ನ ಮೇಲೆ ಚೀಲ ಹಾಕಿಕೊಂಡು ಕಾಲುದಾರಿಯಲ್ಲೇ ಹೋಗುತ್ತಾರೆ, ಗಾಡಿಯೇ ಬೇಕಿಲ್ಲ. ಈ ಸಲ ಮೆಣಸು ಕೊಯ್ಲಿಗೆ ಕಾಲುದಾರಿ ಸೇರುವ ಹಳ್ಳದ ಸಂಕದ (ಕಿರುಸೇತುವೆಯ) ಹತ್ತಿರ ಒಂದು ಪಾಳಿ ಹಾಕಿ ನೋಡುತ್ತೇವೆ.