ಏಜೆಂಟ್‌ಗಾಗಿ ಕೀಕ್ಯಾಡ್ ಡಾಕ್ಯುಮೆಂಟ್ ಬರೆದ ನನ್ನ ಅನುಭವ

ಸ್ಕೀಮ್ಯಾಟಿಕ್‌ನಲ್ಲಿ (ಸರ್ಕ್ಯೂಟಿನ ನಕ್ಷೆಯಲ್ಲಿ) ಒಂದು ಎಲೆಕ್ಟ್ರೋಲೈಟಿಕ್ ಕೆಪಾಸಿಟರ್ ಉಲ್ಟಾ ಜೋಡಣೆಯಾಗಿತ್ತು. ಪ್ಲಸ್ ಪಿನ್ನಿಗೆ ಗ್ರೌಂಡ್, ಮೈನಸ್ ಪಿನ್ನಿಗೆ 3.3 ವೋಲ್ಟ್. ಜೋಡಿಸಿದ್ದು ಎಐ ಏಜೆಂಟ್, ಅಂದರೆ ಹೇಳಿದ ಕೆಲಸವನ್ನು ತಾನೇ ಫೈಲ್ ತಿದ್ದಿ ಮಾಡುವ ಎಐ. ನಕ್ಷೆಯ ಜೋಡಣೆ ಪರೀಕ್ಷಿಸುವ ಇಆರ್‌ಸಿ ಓಡಿಸಿದೆ, ಒಂದೂ ದೋಷ ಬರಲಿಲ್ಲ. ಪಿಡಿಎಫ್ ತೆಗೆದು ಕಣ್ಣಾರೆ ನೋಡಿದಾಗಲೇ ಗೊತ್ತಾಗಿದ್ದು. ಹಾಗೇ ಬೋರ್ಡ್ ಮಾಡಿಸಿ ಪವರ್ ಕೊಟ್ಟಿದ್ದರೆ ಕೆಪಾಸಿಟರ್ ಕೆಟ್ಟುಹೋಗುತ್ತಿತ್ತು.

ನಾನು ಬೋರ್ಡ್ ಡಿಸೈನ್‌ಗೆ ಬಳಸುವುದು ಕೀಕ್ಯಾಡ್. ಇದರ ಫೈಲ್‌ಗಳೆಲ್ಲ ಸಾದಾ ಟೆಕ್ಸ್ಟ್, ನೋಟ್‌ಪ್ಯಾಡ್‌ನಲ್ಲೂ ತೆರೆದು ಓದಬಹುದು. 2023ರ 7ನೇ ಆವೃತ್ತಿಯಿಂದ ಕಮಾಂಡ್ ಲೈನ್ ಟೂಲ್ (ಮೆನು ಇಲ್ಲದೆ, ಆಜ್ಞೆ ಬರೆದು ಓಡಿಸುವ ಸಾಧನ) ಕೂಡ ಇದೆ. 2024ರ 8ನೇ ಆವೃತ್ತಿಯಲ್ಲಿ ಇಆರ್‌ಸಿ, ಡಿಆರ್‌ಸಿ (ಬೋರ್ಡ್ ಲೇಔಟಿನ ಪರೀಕ್ಷೆ) ಎರಡನ್ನೂ ಅದರಿಂದಲೇ ಓಡಿಸುವ ಅನುಕೂಲ ಬಂತು. ಹಾಗಾಗಿ ಏಜೆಂಟ್‌ಗೆ ಕೆಲಸ ಕೊಡುವುದು ಸುಲಭ ಅಂದುಕೊಂಡಿದ್ದೆ. ಮೊದಲು ಮನುಷ್ಯರಿಗಾಗಿ ಬರೆದ ಕೈಪಿಡಿಯನ್ನೇ ಕೊಟ್ಟೆ. ಅದರಲ್ಲಿ ಎಲ್ಲಿ ನೋಡಿದರೂ ‘ಈ ಮೆನು ಒತ್ತಿ’, ‘ಆ ಕಿಟಕಿ ತೆರೆಯಿರಿ’. ಪರದೆಯೇ ಕಾಣದವರಿಗೆ ಅದರಿಂದ ಏನು ಪ್ರಯೋಜನ, ಅಲ್ವಾ?

ಕೆಪಾಸಿಟರ್ ಯಾಕೆ ಉಲ್ಟಾ ಆಯಿತು ಅಂತ ಹುಡುಕುತ್ತಾ ಕೂತಾಗ ವಿಷಯ ತಿಳಿಯಿತು. ಕೀಕ್ಯಾಡ್‌ನ ಸಿಂಬಲ್ ಲೈಬ್ರರಿಯಲ್ಲಿ (ಬಿಡಿಭಾಗಗಳ ಚಿತ್ರಗಳ ಸಂಗ್ರಹದಲ್ಲಿ) ವೈ ಬೆಲೆ, ಅಂದರೆ ಮೇಲೆ-ಕೆಳಗಿನ ಸ್ಥಾನ ಹೇಳುವ ಅಂಕಿ, ಮೇಲಕ್ಕೆ ಹೋದಂತೆ ಹೆಚ್ಚುತ್ತದೆ. ಸ್ಕೀಮ್ಯಾಟಿಕ್ ಹಾಳೆಯಲ್ಲಿ ಕೆಳಗೆ ಬಂದಂತೆ ಹೆಚ್ಚುತ್ತದೆ. ಮೌಸ್ ಹಿಡಿದು ಕೆಲಸ ಮಾಡುವವರಿಗೆ ಇದು ಗಮನಕ್ಕೇ ಬರುವುದಿಲ್ಲ. ಏಜೆಂಟ್ ಮಾತ್ರ ಅಂಕಿಗಳನ್ನೇ ನಂಬಿ ಕೆಲಸ ಮಾಡಬೇಕು. ಕೆಪಾಸಿಟರಿನ 1ನೇ ಪಿನ್ (ಪ್ಲಸ್) ಲೈಬ್ರರಿಯಲ್ಲಿ ವೈ 3.81ರಲ್ಲಿದೆ. ಸಿಂಬಲನ್ನು ತಿರುಗಿಸದೆ ಹಾಳೆಯ ಮೇಲೆ ವೈ 76.2ರಲ್ಲಿ ಇಟ್ಟರೆ ಆ ಪಿನ್ ಎಲ್ಲಿ ಬರುತ್ತದೆ? ಏಜೆಂಟ್ ಎರಡನ್ನೂ ಕೂಡಿಸಿತು: 80.01. ಕಳೆಯಬೇಕಿತ್ತು: 72.39. 80.01ರಲ್ಲಿ ಇದ್ದದ್ದು 2ನೇ ಪಿನ್. ವೈರ್ ಒಂದು ಪಿನ್ನಿಗೆ ಸರಿಯಾಗಿಯೇ ತಾಗಿತ್ತು, ಆದರೆ ಅದು ಬೇಕಾದ ಪಿನ್ ಅಲ್ಲ. ಎರಡೂ ಪ್ಯಾಸಿವ್ (ಇನ್‌ಪುಟ್, ಔಟ್‌ಪುಟ್ ಅನ್ನುವ ಭೇದವಿಲ್ಲದ) ಪಿನ್‌ಗಳಾದ್ದರಿಂದ ಇಆರ್‌ಸಿ ಸುಮ್ಮನಿತ್ತು.

ನಾನು ಬರೆದ ಡಾಕ್ಯುಮೆಂಟ್‌ನ ಮೊದಲ ಪುಟ ಇದೇ ಲೆಕ್ಕ. ‘ವೈ ಅಕ್ಷ ತಿರುಗುತ್ತದೆ’ ಅಂತ ಸುಮ್ನೆ ಒಂದು ಸಾಲು ಬರೆದು ಬಿಡಲಿಲ್ಲ. ಇದೇ ಕೆಪಾಸಿಟರ್, ಇದೇ ಅಂಕಿಗಳು, ತಪ್ಪು ಉತ್ತರ, ಸರಿ ಉತ್ತರ, ಎಲ್ಲವನ್ನೂ ಹಾಕಿದೆ. ನಿಯಮಕ್ಕಿಂತ ಬಿಡಿಸಿದ ಲೆಕ್ಕ ಏಜೆಂಟ್‌ಗೆ ಜಾಸ್ತಿ ಉಪಯೋಗಕ್ಕೆ ಬರುತ್ತದೆ ಅನ್ನುವುದನ್ನು ಆಮೇಲೆ ಪದೇ ಪದೇ ಕಂಡಿದ್ದೇನೆ.

ಇನ್ನೊಂದು ಪೆಟ್ಟು ಡಿಆರ್‌ಸಿಯಲ್ಲಿ ಬಿತ್ತು. ಏಜೆಂಟ್ ‘ಡಿಆರ್‌ಸಿ ಪಾಸ್ ಆಗಿದೆ’ ಅಂತ ವರದಿ ಕೊಟ್ಟಿತು. ವರದಿ ಫೈಲ್ ತೆರೆದರೆ ದೋಷಗಳ ಸಾಲೇ ಇತ್ತು. ಕಾರಣ ಸರಳ. ಕಮಾಂಡ್ ತನ್ನ ಕೆಲಸ ಮುಗಿಸಿದರೆ ಸೊನ್ನೆ, ಅಂದರೆ ‘ಸರಿಯಾಗಿ ಮುಗಿಯಿತು’ ಅನ್ನುವ ಕೋಡ್, ಹಿಂತಿರುಗಿಸುತ್ತದೆ, ಬೋರ್ಡಿನಲ್ಲಿ ತಪ್ಪಿದ್ದರೂ ಸರಿಯೇ. ತಪ್ಪಿದ್ದಾಗ ಬೇರೆ ಕೋಡ್ ಬರಬೇಕಾದರೆ ಅದಕ್ಕೊಂದು ಪ್ರತ್ಯೇಕ ಆಯ್ಕೆ ಕೊಡಬೇಕು. ಆಗ 5 ಬರುತ್ತದೆ. ಅಲ್ಲಿಂದ ಪ್ರತಿ ಕಮಾಂಡ್ ಕೆಳಗೂ ‘ಕೆಲಸ ಕೆಟ್ಟರೆ ಹೇಗೆ ಕಾಣುತ್ತದೆ’ ಅನ್ನುವ ಒಂದು ಭಾಗ ಸೇರಿಸಿದೆ. ನಿಜವಾಗಿ ಬಂದ ಜೇಸನ್ (ಪ್ರೋಗ್ರಾಮ್‌ಗಳು ಓದಬಲ್ಲ ಟೆಕ್ಸ್ಟ್ ರೂಪದ) ವರದಿಯನ್ನೂ ಅಂಟಿಸಿದೆ: ಒಂದು ಸರಿಯಾದದ್ದು, ಒಂದು ದೋಷ ಇರುವುದು. ನನ್ನ ಪ್ರಕಾರ ಇಡೀ ಡಾಕ್ಯುಮೆಂಟ್‌ನಲ್ಲಿ ಅತಿ ಮುಖ್ಯವಾದ ಭಾಗ ಇದೇ. ಹೇಗೆ ಮಾಡಬೇಕು ಅನ್ನುವುದನ್ನು ಏಜೆಂಟ್ ಹೇಗೋ ಊಹಿಸಿಕೊಳ್ಳುತ್ತದೆ. ಕೆಟ್ಟಿದೆ ಅಂತ ತಿಳಿಯುವುದು ಹೇಗೆ ಅನ್ನುವುದನ್ನು ನಾವೇ ಹೇಳಿಕೊಡಬೇಕು.

ಇಆರ್‌ಸಿ ಎಲ್ಲವನ್ನೂ ಹಿಡಿಯುವುದಿಲ್ಲವಾದ್ದರಿಂದ ನೆಟ್‌ಲಿಸ್ಟ್ ಹೋಲಿಕೆ ತಂದೆ. ಒಂದಕ್ಕೊಂದು ಜೋಡಣೆಯಾದ ಪಿನ್‌ಗಳ ಗುಂಪೇ ನೆಟ್, ಅವುಗಳ ಪಟ್ಟಿಯೇ ನೆಟ್‌ಲಿಸ್ಟ್. ಯಾವ ಪಿನ್ ಯಾವ ನೆಟ್‌ಗೆ ಸೇರಬೇಕು ಅನ್ನುವ ಪಟ್ಟಿಯನ್ನು ನಾನೇ ಕೈಯಾರೆ ಬರೆಯುತ್ತೇನೆ. ಏಜೆಂಟ್ ಪ್ರತಿ ಬದಲಾವಣೆಯ ನಂತರ ನೆಟ್‌ಲಿಸ್ಟ್ ತೆಗೆದು ಅದರ ಜೊತೆ ತಾಳೆ ನೋಡಬೇಕು. ಉಲ್ಟಾ ಕೆಪಾಸಿಟರ್ ಈಗ ಅಲ್ಲೇ ಸಿಕ್ಕಿಬೀಳುತ್ತದೆ.

ಉಳಿದ ಸಣ್ಣ ನಿಯಮಗಳು ಒಂದು ಪುಟದಲ್ಲೇ ಮುಗಿದವು. ಕೀಕ್ಯಾಡ್ ಆವೃತ್ತಿ ಮೇಲ್ಗಡೆಯೇ ಇರಲಿ. ಸಿಂಬಲ್ ನಕಲು ಮಾಡಿದರೆ ಹೊಸ ಯುಯುಐಡಿ (ಪ್ರತಿಯೊಂದಕ್ಕೂ ಬೇರೆ ಬೇರೆ ಇರುವ ಗುರುತಿನ ಸಂಖ್ಯೆ) ಕೊಡು. ಎಡಿಟರ್‌ನಲ್ಲಿ ತೆರೆದಿರುವ ಫೈಲ್ ಮುಟ್ಟಬೇಡ, ಅಲ್ಲಿ ಯಾರಾದರೂ ಸೇವ್ ಒತ್ತಿದರೆ ನೀನು ಮಾಡಿದ್ದೆಲ್ಲ ಅಳಿಸಿಹೋಗುತ್ತದೆ.

ಬರೆದದ್ದು ಸಾಕೇ ಅಂತ ನೋಡಲು ಹಳೆಯ ಮಾತುಕತೆ ಯಾವುದೂ ಇಲ್ಲದ ಹೊಸ ಸೆಷನ್ ತೆರೆಯುತ್ತೇನೆ. ಡಾಕ್ಯುಮೆಂಟ್ ಮಾತ್ರ ಕೊಟ್ಟು, ಒಂದು ಎಲ್‌ಇಡಿ, ಒಂದು ರೆಸಿಸ್ಟರ್ ಸೇರಿಸು ಅನ್ನುತ್ತೇನೆ. ಎಲ್ಲಿ ಊಹೆ ಮಾಡಿತೋ ಅಲ್ಲಿ ನನ್ನ ಬರಹದಲ್ಲಿ ಏನೋ ಬಿಟ್ಟುಹೋಗಿದೆ ಅಂತ ಲೆಕ್ಕ. ಅಲ್ಲೊಂದು ಸಾಲು ಸೇರಿಸುತ್ತೇನೆ.

ಪ್ಲೇಸ್‌ಮೆಂಟ್, ಅಂದರೆ ಬಿಡಿಭಾಗಗಳನ್ನು ಬೋರ್ಡಿನ ಮೇಲೆ ಎಲ್ಲಿಡಬೇಕು ಅನ್ನುವುದು, ಮಾತ್ರ ಇನ್ನೂ ಬರಹಕ್ಕೆ ಸಿಕ್ಕಿಲ್ಲ. ಡಿಕಪ್ಲಿಂಗ್ ಕೆಪಾಸಿಟರ್ (ಚಿಪ್‌ಗೆ ಹೋಗುವ ಪವರ್‌ನ ಏರಿಳಿತ ತಗ್ಗಿಸುವುದು) ಚಿಪ್‌ನ ಪವರ್ ಪಿನ್ನಿಗೆ ಹತ್ತಿರ ಇರಬೇಕು ಅಂತ ಬರೆದೆ. ‘ಹತ್ತಿರ’ ಅಂದರೆ ಎಷ್ಟು? 2 ಮಿಲಿಮೀಟರ್ ಅಂತ ತಿದ್ದಿದೆ. ಏಜೆಂಟ್ 2 ಮಿಲಿಮೀಟರ್‌ನೊಳಗೇ ಇಟ್ಟಿತು, ಆದರೆ ಬೋರ್ಡಿನ ಹಿಂಬದಿಗೆ. ಸದ್ಯಕ್ಕೆ ಆ ಭಾಗದಲ್ಲಿ ಒಂದೇ ಸಾಲು ಇದೆ: ‘ಇಲ್ಲಿ ನಿಲ್ಲು, ಮುಂದಿನದನ್ನು ನಾನು ಕೈಯಲ್ಲಿ ಇಡುತ್ತೇನೆ.’