ದಿನಕ್ಕೊಂದೇ ದಿಕ್ಕು: ತೀರ್ಥಹಳ್ಳಿಯ ಹೋಂಸ್ಟೇಯಿಂದ ಸುತ್ತಾಡುವುದು ಹೇಗೆ?

ತೀರ್ಥಹಳ್ಳಿ ಸುತ್ತಮುತ್ತ ಈಗ ಅಡಿಕೆ ತೋಟದ ನಡುವಿನ ಹೋಂಸ್ಟೇಗಳು ಜಾಸ್ತಿಯಾಗಿವೆ. ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ ಕಡೆಯಿಂದ ಎರಡು ಮೂರು ದಿನದ ರಜೆಗೆ ಬರುವವರು ಫೋನಿನಲ್ಲಿ ಒಂದು ಪಟ್ಟಿ ಹಿಡಿದುಕೊಂಡೇ ಬರುತ್ತಾರೆ. ಆಗುಂಬೆ, ಶೃಂಗೇರಿ, ಕುಪ್ಪಳಿ, ಕವಲೇದುರ್ಗ, ಕುಂದಾದ್ರಿ. ಸಾಲದ್ದಕ್ಕೆ ಜೋಗ, ಕೊಡಚಾದ್ರಿ. ಮ್ಯಾಪಿನಲ್ಲಿ ನೋಡಿದರೆ ಎಲ್ಲವೂ ಪಕ್ಕಪಕ್ಕದಲ್ಲೇ ಇದ್ದಂತೆ ಕಾಣುತ್ತವೆ. ಆದರೆ ಇಲ್ಲಿನ ರಸ್ತೆಗಳು ಗುಡ್ಡ ಸುತ್ತಿ, ಹಳ್ಳ ದಾಟಿ, ಗದ್ದೆ ಅಂಚು ಹಿಡಿದು ಹೋಗುತ್ತವೆ. 30 ಕಿ.ಮೀ.ಗೆ ಒಂದು ಗಂಟೆ ಅಂತ ಲೆಕ್ಕ ಹಾಕಿಕೊಳ್ಳುವುದೇ ಸರಿ.

ಹಾಗಾಗಿ ದಿನಕ್ಕೆ ಒಂದೇ ದಿಕ್ಕು ಹಿಡಿಯಿರಿ. ಆ ದಿಕ್ಕಿನಲ್ಲಿ ಎರಡು ಜಾಗ ಸಾಕು. ಉಳಿದ ಹೊತ್ತು ತೋಟಕ್ಕೆ, ಊಟಕ್ಕೆ, ಜಗಲಿಗೆ ಇರಲಿ. ಜೋಗವನ್ನಂತೂ ಪಟ್ಟಿಯಿಂದ ತೆಗೆದುಬಿಡಿ. ಅದನ್ನು ಸಾಗರದ ಕಡೆ ಉಳಿದುಕೊಂಡು ನೋಡಬೇಕು. ಕೊಡಚಾದ್ರಿಯೂ ಅಷ್ಟೇ, ಅದಕ್ಕೆ ಬೇರೆಯೇ ಒಂದು ಪ್ರವಾಸ ಇಟ್ಟುಕೊಳ್ಳಿ.

ಮೊದಲು ಕಾಲ ನೋಡಿ, ಆಮೇಲೆ ಬುಕಿಂಗ್

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗಿಂತ ಹೆಚ್ಚು ಮಳೆ ಸುರಿಯುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಆ ತಿಂಗಳುಗಳಲ್ಲಿ ಸೂರ್ಯಾಸ್ತದ ಆಸೆ ಬಿಡಿ, ಎದುರಿನ ಮರವೇ ಮಂಜಿನಲ್ಲಿ ಕಾಣುವುದಿಲ್ಲ. ಅದರ ಬದಲು ತುಂಬಿ ಹರಿಯುವ ಹಳ್ಳ, ರಸ್ತೆ ಬದಿಯಲ್ಲೇ ಧುಮುಕುವ ನೀರು, ಊಟಕ್ಕೆ ಕಳಲೆ ಪಲ್ಯ, ಪತ್ರೊಡೆ ಸಿಗುತ್ತವೆ. ಮಳೆ ನೋಡಲೆಂದೇ ಬರುವವರಿಗೆ ಇದೇ ಸರಿಯಾದ ಕಾಲ.

ಕೋಟೆ ಹತ್ತಬೇಕು, ಸೂರ್ಯಾಸ್ತ ನೋಡಬೇಕು, ಅಡಿಕೆ ಕೊಯ್ಲನ್ನೂ ಕಾಣಬೇಕು ಅನ್ನುವವರು ನವೆಂಬರ್‌ನಿಂದ ಜನವರಿ ನಡುವೆ ಬನ್ನಿ. ನನ್ನನ್ನು ಕೇಳಿದರೆ ಡಿಸೆಂಬರ್ ಎಲ್ಲಕ್ಕಿಂತ ಒಳ್ಳೆಯದು. ಗದ್ದೆಯಲ್ಲಿ ಕೊಯ್ಲು, ಬೆಳಿಗ್ಗೆ ಚಳಿ, ಹಗಲಿಗೆ ತಿಳಿ ಬಿಸಿಲು.

ಒಂದು ವಿಷಯವನ್ನು ಪ್ರವಾಸದ ಜಾಹೀರಾತುಗಳು ಹೇಳುವುದಿಲ್ಲ, ಆದರೆ ಹೇಳಲೇಬೇಕು. ಡಿಸೆಂಬರ್‌ನಿಂದ ಮೇವರೆಗೆ ಈ ಭಾಗದ ಕಾಡಂಚಿನ ಊರುಗಳಲ್ಲಿ ಮಂಗನ ಕಾಯಿಲೆಯ ಭಯ ಇರುತ್ತದೆ. 1957ರಲ್ಲಿ ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ ಇದು. ಉಣುಗು (ಉಣ್ಣೆ ಹುಳ) ಕಚ್ಚುವುದರಿಂದ ಬರುತ್ತದೆ. ಬುಕಿಂಗ್ ಮಾಡುವಾಗಲೇ 'ಈ ವರ್ಷ ನಿಮ್ಮ ಕಡೆ ಮಂಗನ ಕಾಯಿಲೆ ಇದೆಯಾ?' ಅಂತ ಹೋಂಸ್ಟೇ ಮನೆಯವರನ್ನು ನೇರವಾಗಿ ಕೇಳಿ. ಅವರಿಗೆ ಗೊತ್ತಿರುತ್ತದೆ. ಇದೆ ಅಂದರೆ ಕಾಡಿನ ಕಾಲುದಾರಿಗಳಿಗೆ ಹೋಗಬೇಡಿ, ತರಗೆಲೆಯ ಮೇಲೆ ಕೂರಬೇಡಿ. ತೋಟಕ್ಕೆ ಇಳಿಯುವುದಾದರೆ ತುಂಬು ತೋಳಿನ ಬಟ್ಟೆ ಹಾಕಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೇಪಾ ಎಣ್ಣೆ ಮನೆಯಲ್ಲಿದ್ದರೆ ಕೇಳಿ ಹಚ್ಚಿಕೊಳ್ಳಿ. ಊರಿಗೆ ವಾಪಸಾದ ಮೇಲೆ ಜ್ವರ ಬಂದರೆ, ಎಲ್ಲಿಗೆ ಹೋಗಿದ್ದಿರಿ ಅನ್ನುವುದನ್ನು ಡಾಕ್ಟರಿಗೆ ಮೊದಲೇ ಹೇಳಿ.

ಹೊರಡುವ ಮುಂಚೆ

ಮನೆಯವರಿಗೆ ಫೋನ್ ಮಾಡಿ ಮೂರು ವಿಷಯ ಕೇಳಿಕೊಳ್ಳಿ. ಡಾಂಬರು ರಸ್ತೆ ಬಿಟ್ಟ ಮೇಲೆ ಮನೆಗೆ ಎಷ್ಟು ದೂರ? ನಮ್ಮ ಕಾರು ಅಲ್ಲಿಯವರೆಗೆ ಬರುತ್ತದಾ? ಯಾವ ಸಿಮ್‌ಗೆ ನೆಟ್‌ವರ್ಕ್ ಸಿಗುತ್ತದೆ? ಘಟ್ಟದ ಕಡೆ ಹೋದಂತೆ ಸಿಗ್ನಲ್ ಹೋಗಿಬಿಡುತ್ತದೆ. ಹಾಗಾಗಿ ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಪೆಟ್ರೋಲ್, ಎಟಿಎಂ ಕೆಲಸ ತೀರ್ಥಹಳ್ಳಿ ಪೇಟೆಯಲ್ಲೇ ಮುಗಿಸಿ.

ಮಳೆಗಾಲವಾದರೆ ಛತ್ರಿಗಿಂತ ರೇನ್‌ಕೋಟ್ ಉಪಯೋಗ. ಉಂಬಳಕ್ಕೆ (ಜಿಗಣೆಗೆ) ಒಂದು ಸಣ್ಣ ಡಬ್ಬಿಯಲ್ಲಿ ಉಪ್ಪು ಸಾಕು. ಕಚ್ಚಿದ್ದನ್ನು ಎಳೆದು ಕೀಳಬೇಡಿ. ಸ್ವಲ್ಪ ಉಪ್ಪು ಅಥವಾ ಸುಣ್ಣ ಮುಟ್ಟಿಸಿದರೆ ತಾನೇ ಬಿಡುತ್ತದೆ.

ಒಂದು ದಿನ ಕುಂದಾದ್ರಿ, ಆಗುಂಬೆ ಕಡೆ

ಈ ದಿಕ್ಕಿಗೆ ಬೆಳಿಗ್ಗೆ ಬೇಗ ಏಳಲೇಬೇಕು. ಆಗುಂಬೆ ರಸ್ತೆಯಲ್ಲಿ ಗುಡ್ಡೇಕೇರಿ ಬಳಿ ತಿರುಗಿದರೆ ಕುಂದಾದ್ರಿ. ಸುಮಾರು 826 ಮೀಟರ್ ಎತ್ತರದ ಕಲ್ಲಿನ ಬೆಟ್ಟ. ಮೇಲಿನವರೆಗೂ ರಸ್ತೆ ಇದೆ. ಕೊನೆಯ ತಿರುವುಗಳು ಕಡಿದು. ಘಟ್ಟದಲ್ಲಿ ಓಡಿಸಿ ಅಭ್ಯಾಸ ಇಲ್ಲದವರು ಕಾರನ್ನು ಕೆಳಗೇ ಬಿಟ್ಟು ನಡೆದುಬಿಡಿ. ತುದಿಯಲ್ಲಿ ಪಾರ್ಶ್ವನಾಥ ಬಸದಿ, ಪಕ್ಕದಲ್ಲಿ ಬಂಡೆಯಲ್ಲೇ ನಿಂತ ನೀರಿನ ಕೊಳ. ಜೈನ ಆಚಾರ್ಯ ಕುಂದಕುಂದರು ಇಲ್ಲಿ ತಪಸ್ಸು ಮಾಡಿದರು ಅನ್ನುವುದು ನಂಬಿಕೆ. ಬೆಟ್ಟದ ಹೆಸರೂ ಅವರದೇ. ಬಿಸಿಲು ಏರುವ ಮುಂಚೆ ಹೋದರೆ ಕೆಳಗಿನ ಕಣಿವೆ ಪೂರ್ತಿ ಮಂಜು ತುಂಬಿರುತ್ತದೆ. ಎಂಟು ಗಂಟೆಯ ಮೇಲೆ ಮಂಜು ಕರಗುತ್ತಾ ಒಂದೊಂದೇ ತೋಟ, ಒಂದೊಂದೇ ಹೆಂಚಿನ ಮನೆ ಕಾಣತೊಡಗುತ್ತದೆ. ಬಸದಿ ಪೂಜೆ ನಡೆಯುವ ಜಾಗ. ಪಿಕ್ನಿಕ್ ತಿಂಡಿಯನ್ನು ಅಲ್ಲಿ ಬಿಚ್ಚಬೇಡಿ.

ಮನೆಗೆ ಬಂದು ತಿಂಡಿ ತಿಂದು, ಮಧ್ಯಾಹ್ನ ಒಂದು ನಿದ್ದೆ ಮಾಡಿ. ಮೂರು ಗಂಟೆ ಮೇಲೆ ಆಗುಂಬೆಗೆ ಹೊರಡಿ. ತೀರ್ಥಹಳ್ಳಿಯಿಂದ ಸುಮಾರು 33 ಕಿ.ಮೀ. ಹೊತ್ತಿದ್ದರೆ ಜೋಗಿಗುಂಡಿ ನೋಡಬಹುದು. ಬರ್ಕಣ, ಒನಕೆ ಅಬ್ಬಿ ಜಲಪಾತಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಅನುಮತಿ ಇಲ್ಲದೆ 'ನಾನು ಕರ್ಕೊಂಡು ಹೋಗ್ತೀನಿ' ಅನ್ನುವವರ ಹಿಂದೆ ಹೋಗಬೇಡಿ. ಅದು ಕಾಳಿಂಗ ಸರ್ಪಗಳಿರುವ ದಟ್ಟ ಕಾಡು.

ಸೂರ್ಯಾಸ್ತದ ಕಟ್ಟೆ ಇರುವುದು ಘಟ್ಟದ ರಸ್ತೆಯ ತಿರುವಿನಲ್ಲೇ. ಆಕಾಶ ತಿಳಿಯಾಗಿದ್ದ ದಿನ ದೂರದಲ್ಲಿ ಅರಬ್ಬೀ ಸಮುದ್ರದ ಗೆರೆ ಕಾಣುತ್ತದೆ. ಕತ್ತಲಾದ ಮೇಲೆ ಘಟ್ಟ ಇಳಿಯುವ ಉಮೇದು ಬೇಡ, ನೇರ ಮನೆಗೆ ಬನ್ನಿ. ಹಗಲಲ್ಲೂ ಹೊರಡುವ ಮುಂಚೆ ಮನೆಯವರನ್ನು ಒಮ್ಮೆ ಕೇಳಿ. 'ಇವತ್ತು ಬೇಡ ಮಾರಾಯ್ರೆ, ಘಟ್ಟದಲ್ಲಿ ಮಂಜು ಇಳ್ದಿದೆ' ಅಂದರೆ ಅವರ ಮಾತು ಕೇಳಿ, ಬೇರೆ ದಿಕ್ಕು ಹಿಡಿಯಿರಿ.

ಇನ್ನೊಂದು ದಿನ ಶೃಂಗೇರಿ, ಕುಪ್ಪಳಿ

ಮೊದಲು ಶೃಂಗೇರಿ, ಆಮೇಲೆ ಕುಪ್ಪಳಿ. ಈ ಕ್ರಮ ತಪ್ಪಿಸಬೇಡಿ. ಶೃಂಗೇರಿಯ ದೇವಸ್ಥಾನಗಳು ಮಧ್ಯಾಹ್ನ ಬಾಗಿಲು ಹಾಕಿ ಸಂಜೆ ತೆರೆಯುತ್ತವೆ. ಕುಪ್ಪಳಿಯ ಕವಿಶೈಲಕ್ಕೆ ಸಂಜೆಯೇ ಚೆಂದ.

ಶೃಂಗೇರಿಯಲ್ಲಿ ಶಾರದಾಂಬೆಯ ದರ್ಶನ ಮುಗಿಸಿ ಹಾಗೇ ಊಟದ ಸಾಲಿಗೆ ಓಡಬೇಡಿ. ಪಕ್ಕದ ವಿದ್ಯಾಶಂಕರ ದೇವಸ್ಥಾನಕ್ಕೆ ಒಂದು ಗಂಟೆಯಾದರೂ ಕೊಡಿ. 14ನೇ ಶತಮಾನದ್ದು. ಒಳಗೆ ಹನ್ನೆರಡು ಕಂಬಗಳಿವೆ, ಹನ್ನೆರಡು ರಾಶಿಗಳ ಗುರುತು ಅವುಗಳ ಮೇಲಿದೆ. ಆಯಾ ತಿಂಗಳ ಬಿಸಿಲು ಆಯಾ ರಾಶಿಯ ಕಂಬದ ಮೇಲೆ ಬೀಳುವ ಹಾಗೆ ಕಟ್ಟಿದ್ದಾರೆ ಎನ್ನುತ್ತಾರೆ. ಕಂಬದ ಸಿಂಹಗಳ ಬಾಯಿಯನ್ನು ಹತ್ತಿರದಿಂದ ನೋಡಿ. ಹಲ್ಲುಗಳ ಹಿಂದೆ ಒಂದು ಕಲ್ಲಿನ ಗುಂಡು. ಒಳಗೇ ಉರುಳುತ್ತದೆ, ಹೊರಗೆ ಬರುವುದಿಲ್ಲ. ಸಿಂಹ, ಬಾಯಿ, ಗುಂಡು ಎಲ್ಲವೂ ಒಂದೇ ಕಲ್ಲು! ಮಕ್ಕಳಿಗೆ ಇದನ್ನು ತೋರಿಸಿ 'ಹೇಗೆ ಮಾಡಿರಬಹುದು?' ಅಂತ ಕೇಳಿ, ಅವರೇ ದೇವಸ್ಥಾನ ಪೂರ್ತಿ ಸುತ್ತುತ್ತಾರೆ. ಆಮೇಲೆ ತುಂಗೆಯ ಮೆಟ್ಟಿಲಿಗೆ ಇಳಿದರೆ ಮೀನುಗಳ ಹಿಂಡು. ಮಠದಲ್ಲೇ ಪ್ರಸಾದದ ಊಟ ಮುಗಿಸಿ.

ಕಿಗ್ಗದ ಕಡೆಯ ಸಿರಿಮನೆ ಜಲಪಾತಕ್ಕೆ ಮನಸ್ಸಾದರೆ ಕುಪ್ಪಳಿಯನ್ನು ಬೇರೆ ದಿನಕ್ಕೆ ಇಡಿ. ಎರಡನ್ನೂ ಒಂದೇ ದಿನಕ್ಕೆ ತುರುಕಿದರೆ ಕುಪ್ಪಳಿಗೆ ಅರ್ಧ ಗಂಟೆ ಉಳಿಯುತ್ತದೆ. ಅದು ಅನ್ಯಾಯ.

ಕುಪ್ಪಳಿ ಇರುವುದು ತೀರ್ಥಹಳ್ಳಿ–ಕೊಪ್ಪ ರಸ್ತೆಯ ಗಡಿಕಲ್ ಹತ್ತಿರ. ಕುವೆಂಪು ಬೆಳೆದ ಮನೆಯನ್ನು 'ಕವಿಮನೆ' ಹೆಸರಿನಲ್ಲಿ ಉಳಿಸಿಕೊಂಡಿದ್ದಾರೆ. ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದವರ ಮನೆ ಅಂತ ಭಕ್ತಿಯಿಂದ ಹೋಗುವವರು ಪ್ರಶಸ್ತಿ, ಫೋಟೊಗಳ ಮುಂದೆ ನಿಲ್ಲುತ್ತಾರೆ. ನೀವು ಮನೆಯನ್ನೇ ನೋಡಿ. ಮಧ್ಯೆ ಬಯಲಾದ ಅಂಗಳ, ಸುತ್ತ ಜಗಲಿ, ತೋಳಿಗೆ ಸಿಕ್ಕದಷ್ಟು ದಪ್ಪ ಮರದ ಕಂಬಗಳು, ಹಳೆಯ ಅಡುಗೆ ಪಾತ್ರೆ, ಬೇಸಾಯದ ಸಾಮಾನು. ಎಷ್ಟು ಜನ ಒಟ್ಟಿಗೆ ಬದುಕುತ್ತಿದ್ದ ಮನೆ ಇದು ಅನ್ನುವುದು ಅಲ್ಲಿ ಗೊತ್ತಾಗುತ್ತದೆ.

ಕವಿಮನೆ ಮುಚ್ಚುವ ಮೊದಲು ಒಳಗೆ ನೋಡಿಕೊಂಡು, ಹಿಂದಿನ ಗುಡ್ಡ ಹತ್ತಿ. ಸ್ವಲ್ಪವೇ ದಾರಿ. ದೊಡ್ಡ ದೊಡ್ಡ ಕಲ್ಲುಗಳನ್ನು ನಿಲ್ಲಿಸಿರುವ ಕವಿಶೈಲ ಅಲ್ಲಿದೆ, ಕುವೆಂಪು ಸಮಾಧಿಯೂ ಅಲ್ಲೇ. ಬಂಡೆಯ ಮೇಲೆ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಕೆತ್ತಿದ ಹೆಸರಿನ ಅಕ್ಷರಗಳಿವೆ. ಬಗ್ಗಿ ಹುಡುಕಿ ನೋಡಿ. ಗುರುಗಳೂ ಶಿಷ್ಯನೂ ಒಟ್ಟಿಗೆ ಅಲ್ಲಿ ಕೂತಿದ್ದರು ಅಂದುಕೊಂಡರೆ ಮೈ ಜುಮ್ ಅನ್ನುತ್ತದೆ, ಅಲ್ವಾ? ಅದನ್ನು ನೋಡಿ ಹಾಗೆಯೇ ಬನ್ನಿ. ನಿಮ್ಮ ಹೆಸರನ್ನು ಯಾವ ಕಲ್ಲಿನ ಮೇಲೂ ಗೀಚಬೇಡಿ.

ಅರ್ಧ ದಿನಕ್ಕೆ ಕವಲೇದುರ್ಗ, ಇನ್ನರ್ಧ ತೋಟ

ಇದು ಕೆಳದಿ ನಾಯಕರ ಕೋಟೆ. ತೀರ್ಥಹಳ್ಳಿಯಿಂದ 20 ಕಿ.ಮೀ. ಒಳಗೇ. ಗದ್ದೆ ಪಕ್ಕದ ದಾರಿಯಲ್ಲಿ ನಡೆದು ಕಲ್ಲು ಹಾಸಿನ ಮೇಲೆ ಹತ್ತಬೇಕು. ಒಂದರ ಹಿಂದೆ ಒಂದು ಕೋಟೆ ಗೋಡೆ, ಬಾಗಿಲು. ಒಳಗೆ ಶ್ರೀಕಂಠೇಶ್ವರ ದೇವಸ್ಥಾನ, ಕೊಳ, ಅರಮನೆಯ ಪಾಯ. ತುದಿಗೆ ಹೋದರೆ ವಾರಾಹಿ ಹಿನ್ನೀರು ಕಾಣುತ್ತದೆ. ಮೇಲೆ ಅಂಗಡಿ ಇಲ್ಲ. ತಲೆಗೊಂದು ಬಾಟಲಿ ನೀರು ಹೊತ್ತುಕೊಂಡು, ಏಳೂವರೆಗೆಲ್ಲ ಹತ್ತಲು ಶುರು ಮಾಡಿ. ಮಳೆಗಾಲದಲ್ಲಿ ಆ ಕಲ್ಲುಗಳ ಮೇಲೆ ಪಾಚಿ ಕಟ್ಟಿರುತ್ತದೆ. ವಯಸ್ಸಾದವರನ್ನು ಆಗ ಕರೆದುಕೊಂಡು ಹೋಗಬೇಡಿ. ಪ್ಲಾಸ್ಟಿಕ್ ಬಾಟಲಿಯನ್ನು ವಾಪಸ್ ತನ್ನಿ ಅಂತ ಬೇರೆ ಹೇಳಬೇಕಿಲ್ಲ ಅನ್ನುವ ಕಾಲ ಬರಲಿ. ಸದ್ಯಕ್ಕೆ ಹೇಳಲೇಬೇಕಾಗಿದೆ.

ಹತ್ತೂವರೆ ಹನ್ನೊಂದಕ್ಕೆಲ್ಲ ಇಳಿದು ಮನೆಗೆ ಬಂದುಬಿಡಿ. ಮಧ್ಯಾಹ್ನದ ಊಟ ಬೇಕು ಅಂತ ಹಿಂದಿನ ರಾತ್ರಿಯೇ ಹೇಳಿರಿ. ಹೋಟೆಲ್ ಹಾಗಲ್ಲ ಇದು, ಅಕ್ಕಿ ನೆನೆಸಬೇಕು, ಅಂದಾಜು ನೋಡಿಕೊಳ್ಳಬೇಕು. ಅಕ್ಕಿ ರೊಟ್ಟಿಯೋ ಕಡುಬೋ ಅಂತ ಅವರು ಕೇಳಿದರೆ 'ನೀವು ಮನೆಗೆ ಏನು ಮಾಡ್ತೀರೋ ಅದೇ ಕೊಡಿ ಅಕ್ಕ' ಅನ್ನಿ. ನಾಷ್ಟಾಕ್ಕೆ ಪೂರಿ, ನೂಡಲ್ಸ್ ಕೇಳಬೇಡಿ.

ಕೊಯ್ಲಿನ ಕಾಲದಲ್ಲಿ ಬಂದಿದ್ದರೆ ಆ ಮಧ್ಯಾಹ್ನ ಎಲ್ಲಿಗೂ ಹೋಗಬೇಡಿ ಅನ್ನುವುದು ನನ್ನ ಬೇಡಿಕೆ. ಕೊನೆಗಾರ ಮರ ಏರಿ ಅಡಿಕೆ ಗೊನೆ ಇಳಿಸುವುದನ್ನು ದೂರ ನಿಂತು ನೋಡಿ. ಅಂಗಳದಲ್ಲಿ ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತು ಸುಲಿಯುತ್ತಿರುತ್ತಾರೆ. ಅಡಿಕೆಯನ್ನು ಕತ್ತಿಯ ಮೇಲೆ ಒತ್ತಿ ಕೈ ತಿರುಗಿಸಿದರೆ ಸಿಪ್ಪೆ ಒಂದು ಕಡೆ, ಒಳಗಿನ ಕಾಯಿ ಒಂದು ಕಡೆ. ಮಾತು ನಡೆಯುತ್ತಲೇ ಇರುತ್ತದೆ, ಕೈ ನಿಲ್ಲುವುದಿಲ್ಲ. ಸುಲಿದದ್ದು ಹಂಡೆಯಲ್ಲಿ ಬೇಯುತ್ತದೆ, ಚೊಗರಿನಲ್ಲಿ (ಅಡಿಕೆ ಬೇಯಿಸಿ ಉಳಿದ ಗಟ್ಟಿ ರಸದಲ್ಲಿ) ಅದ್ದಿದ ಮೇಲೆ ಕೆಂಪು ಬಣ್ಣ ಬರುತ್ತದೆ, ಆಮೇಲೆ ಬಿಸಿಲಿಗೆ. ಒಂದೆರಡು ಸುಲಿದು ನೋಡುವ ಆಸೆಯಾದರೆ ಕೇಳಿ, ಕಲಿಸುತ್ತಾರೆ. ಮಕ್ಕಳ ಕೈಗೆ ಮಾತ್ರ ಕೊಡಬೇಡಿ, ಕತ್ತಿ ಬಲು ಹರಿತ. ಕೆಲಸ ಮಾಡುವವರ ಫೋಟೊ ತೆಗೆಯುವ ಮುಂಚೆ ಒಂದು ಮಾತು ಕೇಳಿ.

ವಾಪಸ್ ಹೋಗುವ ದಿನ

ಶಿವಮೊಗ್ಗ ಮೇಲೆ ಹೋಗುವವರಿಗೆ ದಾರಿಯಲ್ಲೇ ಎರಡು ಜಾಗ ಸಿಗುತ್ತವೆ. ಸಕ್ರೆಬೈಲಿನ ಆನೆ ಬಿಡಾರ ಬೆಳಗಿನ ಹೊತ್ತು ಮಾತ್ರ. ಆನೆಗಳನ್ನು ತುಂಗೆಯ ಹಿನ್ನೀರಿನಲ್ಲಿ ಮಲಗಿಸಿ ತಿಕ್ಕಿ ಸ್ನಾನ ಮಾಡಿಸುವುದನ್ನು ನೋಡಬೇಕಾದರೆ ಒಂಬತ್ತರ ಹೊತ್ತಿಗೆ ಅಲ್ಲಿರಬೇಕು. ಹಾಗಾದರೆ ತೀರ್ಥಹಳ್ಳಿ ಕಡೆಯಿಂದ ಏಳು ಗಂಟೆಗೇ ಹೊರಡಿ. ತಿಂಡಿ ಕಟ್ಟಿಸಿಕೊಳ್ಳಿ. ನಡುವೆ ಮಂಡಗದ್ದೆಯಲ್ಲಿ ರಸ್ತೆ ಪಕ್ಕವೇ ಪಕ್ಷಿಧಾಮ ಇದೆ. ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುವುದು ಮಳೆಗಾಲದಲ್ಲಿ. ಆಗ ಹದಿನೈದು ನಿಮಿಷ ನಿಲ್ಲಿಸಿ ನೋಡಿ. ಬೇಸಿಗೆಯಲ್ಲಾದರೆ ನಿಲ್ಲಿಸದೆ ಮುಂದೆ ಹೋಗಿ. ಸಕ್ರೆಬೈಲಿನಿಂದ ಶಿವಮೊಗ್ಗಕ್ಕೆ ಅರ್ಧ ಗಂಟೆ ದಾರಿ. ಹನ್ನೊಂದಕ್ಕೆ ಬಿಟ್ಟರೂ ಮಧ್ಯಾಹ್ನದ ಬಸ್ಸೋ ರೈಲೋ ಆರಾಮಾಗಿ ಸಿಗುತ್ತದೆ.