ಉಂಗುರ ತೊಟ್ಟ ಹಕ್ಕಿ ಕಂಡಾಗ ಏನು ಮಾಡಬೇಕು?

ಚಳಿಗಾಲದಲ್ಲಿ ಬಾಗಲಕೋಟೆ ಸುತ್ತಲಿನ ಆಲಮಟ್ಟಿ ಹಿನ್ನೀರಿಗೂ ಗೋಕಾಕ ತಾಲ್ಲೂಕಿನ ಧೂಪದಾಳದ ಹಿನ್ನೀರಿಗೂ ದೂರದೇಶದ ಹಕ್ಕಿಗಳು ಬಂದಿಳಿಯುತ್ತವೆ. ಅವು ಎಲ್ಲಿಂದ ಎಲ್ಲಿಗೆ ಹೋಗುತ್ತವೆಂದು ತಿಳಿಯಲು ಸಂಶೋಧಕರು ಕೆಲವು ಹಕ್ಕಿಗಳಿಗೆ ಸಂಖ್ಯೆಯುಳ್ಳ ಗುರುತು ತೊಡಿಸಿ ಬಿಡುತ್ತಾರೆ. ಅಂಥ ಒಂದರ ಕಾಲಿನಲ್ಲಿ ಲೋಹದ ಉಂಗುರವೋ ಕೊರಳಿನಲ್ಲಿ ಬಣ್ಣದ ಪಟ್ಟಿಯೋ ಕಂಡರೆ, ಮೊದಲು ಇದ್ದಲ್ಲೇ ನಿಂತುಬಿಡಿ. ಹತ್ತಿರ ಹೋದರೆ ಹಿಂಡು ಏಳುತ್ತದೆ, ಓದುವ ಅವಕಾಶವೂ ತಪ್ಪುತ್ತದೆ.

ಉಂಗುರ ಯಾವ ಕಾಲಿನಲ್ಲಿದೆ, ಕಾಲಿನ ಗಂಟಿನ ಮೇಲಿದೆಯೋ ಕೆಳಗಿದೆಯೋ, ಅದರ ಬಣ್ಣವೇನು, ಅಕ್ಷರಗಳ ಬಣ್ಣವೇನು ಎಂಬುದನ್ನು ನೋಡಿದ ಕೂಡಲೇ ಬರೆದುಕೊಳ್ಳಿ. ಬರಹವು ಉಂಗುರದ ಸುತ್ತಲೂ ಇರುವುದರಿಂದ ಒಂದೇ ಚಿತ್ರದಲ್ಲಿ ಪೂರ್ಣ ಸಂಖ್ಯೆ ಸಿಗುವುದು ಅಪರೂಪ. ಹಕ್ಕಿ ಮೇಯುತ್ತ ತಿರುಗಿದಂತೆಲ್ಲ ಬೇರೆ ಬೇರೆ ಬದಿಯಿಂದ ಚಿತ್ರ ತೆಗೆಯಿರಿ. ಕಾಲಿಗೆ ಎರೆಮಣ್ಣು ಮೆತ್ತಿಕೊಂಡಿದ್ದು 3 ಮತ್ತು 8ರ ನಡುವೆ ಅನುಮಾನ ಬಂದರೆ, ಊಹಿಸಿ ತುಂಬದೆ ಆ ಜಾಗವನ್ನು ಖಾಲಿ ಬಿಡುವುದೇ ಸರಿ, ಏಕೆಂದರೆ ಒಂದು ಅಂಕಿ ತಪ್ಪಿದರೆ ದಾಖಲೆ ಬೇರೊಂದು ಹಕ್ಕಿಯ ಹೆಸರಿಗೆ ಸೇರಿಬಿಡುತ್ತದೆ. ದಿನಾಂಕ, ಊರಿನ ಹೆಸರು ಮತ್ತು ಹಿಂಡಿನ ಅಂದಾಜು ಗಾತ್ರದೊಂದಿಗೆ ವಿವರವನ್ನು ಹಕ್ಕಿಗಳ ವಲಸೆಯನ್ನು ಅಧ್ಯಯನ ಮಾಡುವ ಮುಂಬೈನ ಸಂಸ್ಥೆಯಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿ.

ಈ ಶ್ರಮ ವ್ಯರ್ಥವಲ್ಲ. 1899ರಲ್ಲಿ ಡೆನ್ಮಾರ್ಕಿನ ಶಿಕ್ಷಕ ಹ್ಯಾನ್ಸ್ ಕ್ರಿಶ್ಚಿಯನ್ ಮಾರ್ಟೆನ್ಸನ್ ಅವರು ಸಂಖ್ಯೆ ಕೆತ್ತಿದ ಅಲ್ಯೂಮಿನಿಯಂ ಉಂಗುರಗಳನ್ನು ಸ್ಟಾರ್ಲಿಂಗ್ ಹಕ್ಕಿಗಳಿಗೆ ತೊಡಿಸಿದಂದಿನಿಂದ ಈ ವಿಧಾನ ನಿಂತಿರುವುದೇ ದಾರಿಯಲ್ಲೆಲ್ಲೋ ಕಂಡವರು ಬರೆದು ತಿಳಿಸುವುದರ ಮೇಲೆ. ನಮ್ಮಲ್ಲಿ 1959ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಮುಂದಾಳತ್ವದಲ್ಲಿ ದೊಡ್ಡ ಪ್ರಮಾಣದ ವಲಸೆ ಅಧ್ಯಯನ ಆರಂಭವಾಯಿತು. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಪಟ್ಟೆತಲೆ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಾಗ, ಅವು ಹಿಮಾಲಯ ದಾಟಿ ಬರುವವೆಂಬ ತಿಳಿವಳಿಕೆಗೆ ಒಂದೊಂದು ಹಕ್ಕಿಯ ಗುರುತು ಸಿಕ್ಕಿತು.

ಹಳೆಯ ಕಾನೂನುಗಳಲ್ಲಿ ಈ ತಿಳಿವಳಿಕೆ ಇರಲಿಲ್ಲ. 1887ರ ಕಾಡುಹಕ್ಕಿಗಳ ರಕ್ಷಣಾ ಕಾಯ್ದೆಯು ಗೂಡು ಕಟ್ಟುವ ಕಾಲದಲ್ಲಿ ಹೊಸದಾಗಿ ಕೊಂದ ಅಥವಾ ಹಿಡಿದ ಹಕ್ಕಿಗಳ ಮಾರಾಟವನ್ನು ತಡೆಯುವ ಅಧಿಕಾರವನ್ನು ಪುರಸಭೆಗಳಿಗೂ ದಂಡುಪ್ರದೇಶಗಳಿಗೂ ಕೊಟ್ಟಿತು. ಬೆಳಗಾವಿಯಂಥ ದಂಡಿನ ಊರಿಗೆ ಅದು ಅನ್ವಯಿಸಬಹುದಿತ್ತು, ಆದರೆ ಹಳ್ಳಿಯ ಹೊಲದಲ್ಲಿ ಹಾಕಿದ ಉರುಲನ್ನು ಮುಟ್ಟುತ್ತಿರಲಿಲ್ಲ. 1912ರ ಕಾಯ್ದೆ ಬಾತು, ಕವುಜುಗ, ಬುರ್ಲಿಗಳೊಂದಿಗೆ ಬೆಳ್ಳಕ್ಕಿ, ಮಿಂಚುಳ್ಳಿಗಳನ್ನೂ ಪಟ್ಟಿಗೆ ಸೇರಿಸಿ, ಬೇಟೆ ನಿಷೇಧದ ಅವಧಿಯನ್ನು ಗೊತ್ತುಪಡಿಸುವ ಅಧಿಕಾರವನ್ನು ಪ್ರಾಂತೀಯ ಸರ್ಕಾರಗಳಿಗೆ ನೀಡಿತು. ಗೂಡಿನ ಕಾಲವನ್ನಷ್ಟೇ ಕಾಯುವ ನಿಯಮ, ಇಲ್ಲಿ ಗೂಡನ್ನೇ ಕಟ್ಟದೆ ಚಳಿಗಾಲಕ್ಕೆ ಮಾತ್ರ ಬರುವ ಅತಿಥಿಗೆ ಏನು ರಕ್ಷಣೆ ಕೊಟ್ಟೀತು? ನನ್ನ ದೃಷ್ಟಿಯಲ್ಲಿ ಆ ಕಾನೂನುಗಳ ದೊಡ್ಡ ಕೊರತೆ ಇದೇ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹಿಡಿಯುವುದು, ಉರುಲು ಹಾಕುವುದು, ಮೊಟ್ಟೆ ಮತ್ತು ಗೂಡುಗಳಿಗೆ ಹಾನಿ ಮಾಡುವುದು ಸಹ ಬೇಟೆಯೆಂದೇ ಪರಿಗಣಿತವಾಗಿವೆ. ಆದ್ದರಿಂದ ಎಷ್ಟೇ ಆಸಕ್ತಿಯಿದ್ದರೂ ನೀವಾಗಿಯೇ ಹಕ್ಕಿ ಹಿಡಿದು ಉಂಗುರ ತೊಡಿಸಬೇಡಿ. ಅದು ಸಂಬಂಧಪಟ್ಟ ಅಧಿಕಾರಿಗಳ ಲಿಖಿತ ಅನುಮತಿ ಪಡೆದ, ತರಬೇತಿಯುಳ್ಳವರ ಕೆಲಸ. ಹೊಲದಲ್ಲಿ ಉರುಲು ಅಥವಾ ಬಲೆ ಕಂಡರೆ ಚಿತ್ರ ತೆಗೆದು ಅರಣ್ಯ ಇಲಾಖೆಗೆ ತಿಳಿಸಿ.

ಮೀನುಬಲೆಗೆ ಸಿಕ್ಕಿ ಗಾಯಗೊಂಡ ಹಕ್ಕಿಯ ಮೇಲೆ ಹಗುರವಾದ ಬಟ್ಟೆ ಹೊದಿಸಿ, ಬಲೆಯ ಎಳೆಗಳನ್ನು ಎಳೆಯದೆ ಕತ್ತರಿಸಿ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲೆ ಮಾಡಿ ಇಡಿ. ಬಾಯಿಗೆ ನೀರು ಸುರಿಯಬೇಡಿ, ಕಾಲಿನ ಉಂಗುರವನ್ನು ಕಳಚಬೇಡಿ. ಸತ್ತ ಹಕ್ಕಿಯಾದರೆ ಹಕ್ಕಿಜ್ವರದ ಅಪಾಯವಿರುವುದರಿಂದ ಬರಿಗೈಯಲ್ಲಿ ಮುಟ್ಟದೆ, ಉಂಗುರದ ಚಿತ್ರ ತೆಗೆದುಕೊಂಡು, ಅರಣ್ಯ ಸಿಬ್ಬಂದಿ ಬರುವವರೆಗೆ ನಾಯಿಗಳು ಎಳೆದೊಯ್ಯದಂತೆ ಕಾಯ್ದುಕೊಳ್ಳಿ.